ಕೊಟ್ಟಿಗೆಗೆ ಬಂದ ಇಂಟರ್‌ನೆಟ್ಟು

ನಂಜನಗೂಡಿನಲ್ಲಿ ನಾನು ಹಾರನ್ ಕಟ್ಟಿದರೆ ಗುಂಡ್ಲುಪೇಟೆಯಲ್ಲಿ ತೊಟ್ಟಿಲ ಕೂಸು ಎದ್ದು ಕೂರುತ್ತದೆ. ಇದು ನನ್ನ ಮಾತಲ್ಲ. ಆ ಕೂಸೇ ಬೆಳೆದು, ಡಿಪ್ಲೊಮಾ ಮುಗಿಸಿ, ಮೀಸೆ ಬಂದ ಮೇಲೆ ನನ್ನ ಅಂಗಡಿ ಹುಡುಕಿಕೊಂಡು ಬಂದು ದೂರು ಹೇಳಿ ಹೋಯಿತು. ನಾನು ಕಾಫಿ ಕೊಡಿಸಿ ಕಳಿಸಿದೆ. ಬಜಾರ್ ರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಮೈಕ್‌ಸೆಟ್ ಮಹದೇವ ಅಂದರೆ ದಾರಿ ತೋರಿಸುವುದಿಲ್ಲ, ಕೈ ಹಿಡಿದು ಕರೆದುಕೊಂಡೇ ಬರುತ್ತಾರೆ. ಮದುವೆ, ನಾಮಕರಣ, ಎಲೆಕ್ಷನ್ನು, ತಿಥಿ, ಎಲ್ಲದಕ್ಕೂ ನನ್ನದೇ ಸೆಟ್ಟು. ಒಂದು ಸಲ ಒಬ್ಬ ಅಭ್ಯರ್ಥಿ ನನ್ನ ಮೈಕಿನಲ್ಲಿ ಬರೀ ಕೆಮ್ಮಿದ್ದಕ್ಕೇ ಎದುರಾಳಿ ನಾಮಪತ್ರ ವಾಪಸ್ ತೆಗೆದುಕೊಂಡ.

ಇಂಥ ನನ್ನೊಡನೆ ಭೂಮಿಯ ಮೇಲೆ ಒಬ್ಬರೇ ಒಬ್ಬರು ಮಾತು ಬಿಟ್ಟಿದ್ದರು. ನನ್ನ ಹೆಂಡತಿ ರಮ್ಯಳ ಅಜ್ಜಿ, ಕವಲಂದೆಯ ಗುರುಬಸಮ್ಮನವರು.

ಅದರ ಮೂಲ ಎರಡು ಸಾವಿರದ ಒಂದನೇ ಇಸವಿಯಲ್ಲಿದೆ. ನಾನು ಹೆಣ್ಣು ನೋಡಲು ಕವಲಂದೆಗೆ ಹೋಗಿದ್ದೆ. ಮಾವನವರು ಆಗಲೇ ತೀರಿಕೊಂಡಿದ್ದರಿಂದ ಮಾತುಕತೆಯೆಲ್ಲ ಅಜ್ಜಿಯದೇ. ಅವರು ನನ್ನ ಸಂಪಾದನೆ ಕೇಳಲಿಲ್ಲ, ಮನೆ ಸ್ವಂತದ್ದೋ ಬಾಡಿಗೆಯದೋ ಕೇಳಲಿಲ್ಲ. ತಾವು ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳನ್ನೆಲ್ಲ ಮೊಮ್ಮಗಳಿಗೆ ಕಲಿಸಿದ್ದರು. ಅದೊಂದೇ ಅವರ ಚಿಂತೆ. "ನಮ್ ಮಗೀಗೆ ದನಿ ಅದೆ ಕಣಪ್ಪ, ಅದ ತಕ್ಕೊಂಡೋಗಿ ಒಲೆ ಮುಂದೆ ಸುಟ್ಟಾಕ್ಬ್ಯಾಡ" ಅಂದರು.

ನಾನು ಸುಮ್ಮನೆ ಆಗಲಿ ಅನ್ನಬಹುದಿತ್ತು. ಆದರೆ ಎದುರಿಗೆ ಹದಿನೈದು ಜನ ಕೂತಿದ್ದರು. ಹದಿನೈದು ಜನರ ಮುಂದೆ ಸುಮ್ಮನೆ ಆಗಲಿ ಅಂದು ನನಗೆ ಅಭ್ಯಾಸವಿಲ್ಲ. ಒಂದೇ ಒಂದು ವರ್ಷ ಟೈಮ್ ಕೊಡಿ, ನಿಮ್ಮ ಮೊಮ್ಮಗಳ ದನಿಯನ್ನು ರೇಡಿಯೊದಲ್ಲಿ ಕೇಳಿಸದಿದ್ದರೆ ನನ್ನ ಹೆಸರು ಬದಲಾಯಿಸಿ ಕರೆಯಿರಿ ಅಂದುಬಿಟ್ಟೆ. ಅಜ್ಜಿ ಆಗಲೇ ಒಳಗೆ ಕೂಗಿ ಹೋಳಿಗೆ ಬಡಿಸಲು ಹೇಳಿದರು.

ವರ್ಷ ಕಳೆಯಿತು. ಆಡಿಷನ್ನಿನ ಅರ್ಜಿ ಫಾರಂ ತಂದಿದ್ದೆ, ಇಲ್ಲ ಅನ್ನುವುದಿಲ್ಲ. ಅಂಗಡಿಯ ಟೇಬಲ್ಲಿಗೆ ಒಂದು ಕಾಲು ಗಿಡ್ಡ. ಫಾರಮ್ಮನ್ನು ನಾಲ್ಕು ಮಡಿಕೆ ಮಡಿಸಿ ಅದರಡಿಗೆ ಕೊಟ್ಟಿದ್ದೆ, ಮರೆತೆ. ಎರಡನೇ ಗೌರಿ ಹಬ್ಬಕ್ಕೆ ಹೋದಾಗ ಅಜ್ಜಿ ನೆಟ್ಟಗೆ ಕೇಳಿದರು. ನಾನು ಎಲೆಕ್ಷನ್ ಸೀಸನ್ನು, ಲೋಡ್‌ಶೆಡ್ಡಿಂಗು, ದೆಹಲಿಯ ರಾಜಕೀಯ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ರೇಡಿಯಾದಲ್ಲಿ ಅವಳ ದನಿ ಬಂದ ದಿವ್ಸ ಮಾತಾಡುಸ್ತೀನಿ. ಅಲ್ಲೀಗಂಟ ನೀನ್ಯಾರೋ ನಾನ್ಯಾರೋ."

ಆಮೇಲೆ ಏಳು ವರ್ಷ. ನಾನು ಎದುರಿಗೆ ಕೂತಿದ್ದರೂ ಅಜ್ಜಿಯ ಸೊಸೆ, ನನ್ನ ಅತ್ತೆ ಮಂಗಳಮ್ಮನವರ ಮೂಲಕವೇ ಎಲ್ಲ. "ಮಂಗಳಾ, ಆ ಮೈಕ್ನೋನ್ಗೆ ಏಳು, ಕಾಪಿ ಆರೋಯ್ತದೆ." "ಮಂಗಳಾ, ಆ ಮೈಕ್ನೋನು ನನ್ ಚಾಪೆ ತುಳೀತಾವ್ನೆ." ನಾನೇನೋ ಕಲ್ಲು, ತಡೆದುಕೊಂಡೆ. ನನ್ನ ಜೊತೆ ಎರಡು ಮಾತಾಡಲು ಇಡೀ ಜಿಲ್ಲೆ ಕ್ಯೂ ನಿಲ್ಲುವಾಗ ಒಬ್ಬ ಮುದುಕಿ ಆಡದಿದ್ದರೆ ಏನು ಮಹಾ? ಹೀಗೆ ರಮ್ಯಳಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ. ಅವಳು ಮಾತ್ರ ಪ್ರತಿ ಹಬ್ಬ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ಅಜ್ಜಿಗೆ ಎಂಬತ್ತಾರು ದಾಟಿತ್ತು. ಮಂಡಿ ಹೋಗಿ ಮಂಚದಿಂದ ಒಲೆಗೆ, ಒಲೆಯಿಂದ ಮಂಚಕ್ಕೆ ಅನ್ನುವ ಹಾಗಾಗಿತ್ತು.

ಎರಡು ಸಾವಿರದ ಒಂಬತ್ತರಲ್ಲಿ ಬಾಗಿಲು ತೆರೆಯಿತು. ಮೈಸೂರಿನಲ್ಲಿ ನಿವೃತ್ತ ಪ್ರೊಫೆಸರೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ಇಂಟರ್‌ನೆಟ್ ರೇಡಿಯೊ ಶುರು ಮಾಡಿದ್ದರು. ರಮ್ಯ ನನಗೆ ಹೇಳದೆ, ನನ್ನ ಶಿಫಾರಸಿಲ್ಲದೆ, ತಾನೇ ಹೋಗಿ ಹಾಡಿ ಆಯ್ಕೆಯಾಗಿ ಬಂದಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಇಪ್ಪತ್ತು ನಿಮಿಷ, ರಾಗಿ ಬೀಸುವ ಪದಗಳು. ನೇರವಾಗಿ ಹಾಡಿದ್ದು ನೇರವಾಗಿ ಹೋಗುತ್ತದೆ. ಪ್ರೊಫೆಸರರು ಯಾವುದನ್ನೂ ರೆಕಾರ್ಡ್ ಮಾಡಿ ಇಡುವವರಲ್ಲ. ತಪ್ಪಿದರೆ ತಪ್ಪಿತು.

ಇದು ರೇಡಿಯೊ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಅತ್ತೆಯ ಮೂಲಕ ಅಜ್ಜಿಯನ್ನು ಕೇಳಿಸಿದೆ. ಅಜ್ಜಿ ಎರಡು ದಿನ ಯೋಚಿಸಿದರಂತೆ. ಪೆಟ್ಟಿಗೆಯಿಂದ ಬರುತ್ತದಾ, ಹತ್ತೂರಿನವರಿಗೆ ಒಂದೇ ಸಲಕ್ಕೆ ಕೇಳುತ್ತದಾ ಅಂತ ವಿಚಾರಿಸಿ, ಹಾಗಾದರೆ ಅದೂ ರೇಡಿಯಾನೇ ಅಂತ ತೀರ್ಪು ಕೊಟ್ಟರು.

ಈಗ ಅಮೃತೇಶನ ವಿಷಯ ಹೇಳಬೇಕು. ಅವನು ನನ್ನ ಷಡ್ಡಕ, ರಮ್ಯಳ ಅಕ್ಕ ನಂದಿತಾಳ ಗಂಡ. ಟಿ. ನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆ. ನಾಲ್ಕು ಹಸಿರು ದೀಪದ ಡಬ್ಬವನ್ನು ಟಿವಿ ಮೇಲೆ, ದೇವರ ಫೋಟೊಗಿಂತ ಒಂದು ಗೇಣು ಎತ್ತರದಲ್ಲಿಟ್ಟಿದ್ದಾನೆ. ಸುದ್ದಿ ತಿಳಿದು ಫೋನ್ ಮಾಡಿದ. ಕವಲಂದೆ ಮನೆಗೆ ಲ್ಯಾಂಡ್‌ಲೈನೇ ಇಲ್ಲ, ಬ್ರಾಡ್‌ಬ್ಯಾಂಡ್ ಎಲ್ಲಿಂದ ಬಂತು, ಅಜ್ಜಿಗೆ ಹೇಳು, ನಾನು ಕಾರು ಕಳಿಸುತ್ತೇನೆ, ನಮ್ಮ ಮನೆಯಲ್ಲಿ ಆರಾಮಾಗಿ ಕೂತು ಕೇಳಲಿ ಅಂದ.

ಒಳ್ಳೆಯ ಮಾತೇ. ಆದರೆ ಅಜ್ಜಿ ಅವನ ಮನೆಯಲ್ಲಿ ಕೂತು ಕೇಳಿದರೆ ಕೇಳಿಸಿದವನು ಯಾರಾಗುತ್ತಾನೆ? ಬೇಡ, ನನ್ನ ಮೊಬೈಲ್ ಇಂಟರ್‌ನೆಟ್ಟಿನಲ್ಲೇ ತರಿಸುತ್ತೇನೆ, ತಂತಿ ಗಿಂತಿ ಎಲ್ಲ ಹಳೇ ಕಾಲದ್ದು, ಸ್ಪೀಕರಿಗೂ ವೈರಿಲ್ಲ, ಇಂಟರ್‌ನೆಟ್ಟಿಗೂ ವೈರಿಲ್ಲ ಅಂದೆ. ಅವನು ಇನ್ನೂ ಏನೋ ಹೇಳಲು ಹೊರಟಿದ್ದ, "ಮೊಬೈಲಲ್ಲಿ ಒಂದ್ ತೊಂದ್ರೆ ಅದೆ ಕಣಯ್ಯ, ಏನಂದ್ರೆ" ಅಂದ. ನಾನು ಫೋನ್ ಇಟ್ಟೆ. ಕಾರಿನ ಮಾತನ್ನು ಅಜ್ಜಿಯ ತನಕ ಒಯ್ಯಲೂ ಇಲ್ಲ.

ಮೈಸೂರಿಗೆ ಹೋಗಿ ಎರಡು ವೈರ್‌ಲೆಸ್ ಸ್ಪೀಕರ್ ತಂದೆ. ಬಿಳಿ ಬಣ್ಣ, ಕುಂಬಳಕಾಯಿ ಗಾತ್ರ. ಜೊತೆಗೊಂದು ಪುಟ್ಟ ಡಬ್ಬಿ. ಹಾಡುವ ಯಂತ್ರ ಯಾವುದೇ ಇರಲಿ, ಈ ಡಬ್ಬಿಯ ಪಿನ್ನನ್ನು ಅದರ ಕಿವಿಗೆ, ಅಂದರೆ ಇಯರ್‌ಫೋನ್ ತೂತಿಗೆ, ಚುಚ್ಚಿದರೆ ಗೋಡೆ ದಾಟಿ ಸ್ಪೀಕರಿನಲ್ಲಿ ಹಾಡು ಬರುತ್ತದೆ. ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ಟು, ಲ್ಯಾಪ್‌ಟಾಪಿನಿಂದ ಡಬ್ಬಿಗೆ ಹಾಡು, ಡಬ್ಬಿಯಿಂದ ಸ್ಪೀಕರಿಗೆ ಗಾಳಿಯಲ್ಲಿ. ಒಂದು ರಜಾದಿನ ಅಂಗಡಿಯ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದೆ. ಎಷ್ಟು ಸ್ಪಷ್ಟವಾಗಿ ಬಂತೆಂದರೆ ಮೈಸೂರಿನಲ್ಲಿ ಪ್ರೊಫೆಸರರು ಕನ್ನಡಕ ಒರೆಸಿದ ಸದ್ದು ಕೇಳಿಸಿತು.

ಭಾನುವಾರ ರಮ್ಯ ಮುಂಜಾನೆಯ ಬಸ್ಸಿಗೆ ಮೈಸೂರಿಗೆ ಹೋದಳು, ನಾನು ಸಾಮಾನು ಹೇರಿಕೊಂಡು ಕವಲಂದೆಗೆ. ಪಡಸಾಲೆಯಲ್ಲಿ ಅಜ್ಜಿಯ ಮಂಚದ ಆ ಕಡೆಗೊಂದು ಈ ಕಡೆಗೊಂದು ಸ್ಪೀಕರ್ ಇಟ್ಟೆ. ಊರಿಗೆ ಊರೇ ಬಂದು ಸೇರಿತು. ನಾನೂರು ಜನ ಅನ್ನಿ, ನಲವತ್ತಂತೂ ಖಂಡಿತ. ಆಗ ಗೊತ್ತಾಯಿತು, ಪಡಸಾಲೆಯಲ್ಲಿ ಬಂದವರ ಸಿಮ್ಮಿಗೆಲ್ಲ ಸಿಗ್ನಲ್ ಇದೆ, ನನ್ನ ಕಂಪನಿಯದಕ್ಕೆ ಮಾತ್ರ ಇಲ್ಲ. ದೇವರ ಮನೆಯಲ್ಲಿ ಒಂದು ಕಡ್ಡಿ ಬಂತು, ಕೈ ಮುಗಿಯುವಷ್ಟರಲ್ಲಿ ಹೋಯಿತು. ಹೆಂಚಿನ ಮೇಲೆ ಹತ್ತಿದೆ, ಇಳಿದೆ. ಕೊನೆಗೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಎಮ್ಮೆ ಮೇಯುವ ಗೋದಲಿಯ ಪಕ್ಕದಲ್ಲಿ, ಐದಕ್ಕೆ ಐದು ಕಡ್ಡಿ ಎದ್ದು ನಿಂತವು. ಟವರಿಗೂ ಆ ಎಮ್ಮೆಗೂ ಏನು ನಂಟಿತ್ತೋ ಇವತ್ತಿಗೂ ತಿಳಿಯದು. ಸಗಣಿ ಹೊರುವ ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಗೋದಲಿಯ ಅಂಚಿಗೆ ಫೋನ್ ಕಟ್ಟಿದೆ. ಎಮ್ಮೆ ಆ ಕಡೆ ವಾಲಿದರೆ ಎರಡು ಕಡ್ಡಿ ಕಮ್ಮಿಯಾಗುತ್ತಿದ್ದುದರಿಂದ ಎದುರಿಗೆ ಒಂದು ಹೊರೆ ಹುಲ್ಲು ಹಾಕಿ ಅಲ್ಲಾಡದ ಹಾಗೆ ನೋಡಿಕೊಂಡೆ. ಸ್ಪೀಕರ್ ಪಡಸಾಲೆಯಲ್ಲಿ, ನಾನು ಕೊಟ್ಟಿಗೆಯಲ್ಲಿ, ನಡುವೆ ಒಂದು ಮಣ್ಣಿನ ಗೋಡೆ.

ಮೈಕ್‌ಸೆಟ್ಟಿನವರಲ್ಲಿ ಒಂದು ಪದ್ಧತಿಯುಂಟು. ದೊಡ್ಡ ಸಮಾರಂಭದಲ್ಲಿ ಹಾರನ್ನುಗಳು ಮೂಲೆ ಮೂಲೆಗೆ ಇರುತ್ತವೆ, ನಾವು ಅಂಪ್ಲಿಫೈಯರ್ ಮುಂದೆ ಇರುತ್ತೇವೆ. ದೂರದ ಹಾರನ್ನು ಕೇಳುತ್ತಿದೆಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಅಲ್ಲಿರುವವರಿಗೆ ಹೇಳಿಟ್ಟಿರುತ್ತೇವೆ: ಚೆನ್ನಾಗಿ ಕೇಳಿದರೆ ಒಂದು ಮಿಸ್ ಕಾಲ್ ಕೊಡಿ, ನಿಂತುಹೋದರೆ ಎರಡು. ದುಡ್ಡು ಖರ್ಚಿಲ್ಲ, ಕೂಗಾಟವಿಲ್ಲ. ನಂಜನಗೂಡು ತಾಲ್ಲೂಕಿಗೆ ಈ ಪದ್ಧತಿ ತಂದವನೇ ನಾನು. ಪಡಸಾಲೆಯ ಜನರಿಗೂ ಹಾಗೆಯೇ ಹೇಳಿ ನನ್ನ ನಂಬರು ಕೊಟ್ಟೆ. ಎಲ್ಲರೂ ಫೋನ್ ಕೈಯಲ್ಲಿ ಹಿಡಿದು ಕೂತರು.

ಹನ್ನೊಂದಾಯಿತು. ಪ್ರೊಫೆಸರರು ನಮಸ್ಕಾರ ಅಂದರು. ರಮ್ಯಳ ಹೆಸರು ಹೇಳಿದರು. ರಮ್ಯ ದನಿ ಎತ್ತಿದಳು. ಗೋಡೆಯಾಚೆಯಿಂದ ಆಹಾ ಅನ್ನುವ ಶಬ್ದ ಕೇಳಿಸಿತು. ನಾನು ಎಮ್ಮೆಯ ಬೆನ್ನು ತಟ್ಟಿದೆ.

ಆಗ ಫೋನಿಗೆ ಒಂದು ಮಿಸ್ ಕಾಲ್ ಬಂತು. ಹಾಡು ನಿಂತಿತು.

ಹಾಡು ನಿಂತ ಕೂಡಲೇ, ನಾನು ಹೇಳಿಕೊಟ್ಟಿದ್ದ ಹಾಗೆ, ನಲವತ್ತು ಜನ ತಲಾ ಎರಡೆರಡು ಮಿಸ್ ಕಾಲ್ ಕೊಡಲು ಶುರುಮಾಡಿದರು. ನಾನು ಇಂಟರ್‌ನೆಟ್ಟನ್ನು ಮತ್ತೆ ಎಬ್ಬಿಸುತ್ತೇನೆ, ಹಾಡು ಅರ್ಧ ಸಾಲು ಬರುತ್ತದೆ. ಬಂತು ಬಂತು ಅಂತ ಖುಷಿಯಲ್ಲಿ ಯಾರೋ ಒಂದು ಮಿಸ್ ಕಾಲ್ ಕೊಡುತ್ತಾರೆ, ನಿಲ್ಲುತ್ತದೆ. ನಿಂತಿತು ಅಂತ ಎಲ್ಲರೂ ಎರಡು ಕೊಡುತ್ತಾರೆ. ಅಷ್ಟು ಶಿಸ್ತಾಗಿ ನನ್ನ ಮಾತು ಕೇಳಿದ ಜನವನ್ನು ನಾನು ಜನ್ಮದಲ್ಲೇ ಕಂಡಿಲ್ಲ. ಫೋನು ಗೋದಲಿಯ ಅಂಚಿನಲ್ಲಿ ಭೂತ ಹಿಡಿದ ಹಾಗೆ ನಡುಗಿ ನಡುಗಿ ಹುಲ್ಲಿನೊಳಗೆ ಬಿತ್ತು. ಎಮ್ಮೆ ನಾಲಿಗೆ ಚಾಚಿತು. ಕಸಿದುಕೊಂಡೆ. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂದು, "ಅಳಿಯಂದ್ರೇ, ಬತ್ತಾ ಇಲ್ವಂತೆ, ನಮ್ಮತ್ತೆ ಕೇಳ್ತಾವ್ರೆ" ಅಂತ ಹೇಳಿ ಹೋದರು. ಲ್ಯಾಪ್‌ಟಾಪಿನ ಗಡಿಯಾರ ಹನ್ನೊಂದು ಗಂಟೆ ಎಂಟು ನಿಮಿಷ ತೋರಿಸುತ್ತಿತ್ತು. ಉಳಿದದ್ದು ಹನ್ನೆರಡೇ ನಿಮಿಷ.

ಮತ್ತೆ ಫೋನ್ ಹೊಡೆದುಕೊಂಡಿತು. ಈ ಸಲ ನಿಲ್ಲಲಿಲ್ಲ. ಅಮೃತೇಶ. ಬಯ್ಯಲೆಂದೇ ಎತ್ತಿದೆ. ಬಾಯಿ ತೆರೆಯುವ ಮೊದಲು ಅವನ ದನಿಯ ಹಿಂದೆ ಇನ್ನೊಂದು ದನಿ ಕೇಳಿಸಿತು. ರಮ್ಯ ಹಾಡುತ್ತಿದ್ದಳು. ನರಸೀಪುರದಲ್ಲಿ, ಅವನ ಬ್ರಾಡ್‌ಬ್ಯಾಂಡಿನಲ್ಲಿ, ಅವನ ಕಂಪ್ಯೂಟರಿನಿಂದ, ಒಂದು ಕೊಂಕಿಲ್ಲದೆ.

ನನ್ನ ಬುದ್ಧಿ ಮಿಂಚಿಗಿಂತ ಜೋರು ಅಂತ ಹೇಳಿದರೆ ಕೊಚ್ಚಿಕೊಂಡ ಹಾಗಾಗುತ್ತದೆ, ಆದರೂ ಹೇಳುತ್ತೇನೆ. ಡಬ್ಬಿಯ ಪಿನ್ನನ್ನು ಲ್ಯಾಪ್‌ಟಾಪಿನಿಂದ ಕಿತ್ತು ಫೋನಿನ ಕಿವಿಗೆ ಚುಚ್ಚಿದೆ. ನರಸೀಪುರದ ಹಾಡು ಫೋನಿಗೆ ಬಂತು, ಫೋನಿನಿಂದ ಡಬ್ಬಿಗೆ ಹೋಯಿತು, ಗೋಡೆ ದಾಟಿ ಪಡಸಾಲೆಯ ಸ್ಪೀಕರಿನಲ್ಲಿ ತೆರೆದುಕೊಂಡಿತು. ಜನ ಹೋ ಅಂದರು. ಈಗ ಮಿಸ್ ಕಾಲುಗಳು ಎಷ್ಟು ಬೇಕಾದರೂ ಬರಲಿ, ಲೈನು ಬಿಜಿ. ಅಮೃತೇಶನಿಗೆ ಹೇಳುವ ಅಗತ್ಯವೂ ಇಲ್ಲ. ಅವನು ಫೋನ್ ಇಡದ ಹಾಗೆ ಆಗಾಗ ಹೂಂ ಅಂದರೆ ಸಾಕು, ಮರ್ಯಾದೆ ಪೂರ್ತಿ ನನ್ನದೇ.

ಆದರೆ ಹಾಡಿನ ಜೊತೆ ಅಮೃತೇಶನೂ ಸ್ಪೀಕರಿಗೆ ಹೋಗಿದ್ದ. ಎರಡು ಕುಂಬಳಕಾಯಿಗಳೂ ಸೇರಿ ಅವನ ಮಾತನ್ನು ಊರಿಗೆಲ್ಲ ಹಂಚುತ್ತಿದ್ದವು.

"ಏನಯ್ಯ ಮಾದೇವ, ನಿಂತೋಯ್ತಾ? ನಂಗೊತ್ತಿತ್ತು. ಮೊಬೈಲ್ ಇಂಟರ್‌ನೆಟ್ಟು ಓಡ್ತಿರೋವಾಗ ಕಾಲ್ ಬಂದ್ರೆ ಇಂಟರ್‌ನೆಟ್ಟು ನಿಂತೋಯ್ತದೆ ಕಣಯ್ಯ. ಅವತ್ತೇ ಏಳಕ್ ಬಂದೆ, ಪೋನ್ ಮಡಗ್ಬುಟ್ಟೆ. ಕಾರ್ ಕಳಿಸ್ತೀನಿ, ಅಜ್ಜೀನ ಕಳ್ಸು ಅಂದ್ರೆ ಬ್ಯಾಡ ಅಂದೆ. ಆ ಮುದುಕಮ್ಮಂಗೆ ಒಂದ್ ಮಾತು ಕೇಳಿದ್ಯೇನಯ್ಯ ನೀನು?"

ನಾನು ಹೂಂ ಅಂದೆ. ಆ ಹೂಂ ಕೂಡ ಅವನ ಕಡೆಗೆ ಹೋಗಿ, ಅವನ ಕೋಪ ಇನ್ನಷ್ಟು ಏರಿಸಿತು. ನನ್ನ ಮದುವೆಯ ಮೈಕು ಕೀ ಅಂದದ್ದು, ಅವನ ಗೃಹಪ್ರವೇಶಕ್ಕೆ ನಾನು ಕಟ್ಟಿದ ಹಾರನ್ನು ಹಾಲುಕ್ಕುವ ಪಾತ್ರೆಗೆ ಬಿದ್ದದ್ದು, ಎಲ್ಲವನ್ನೂ ಒಂದೊಂದಾಗಿ ತೆಗೆಯತೊಡಗಿದ. ರಮ್ಯ ಅದರ ಹಿಂದೆ ಎಲ್ಲೋ ಹಾಡುತ್ತಲೇ ಇದ್ದಳು.

ಆಗ ಗೋಡೆಯಾಚೆಯಿಂದ ಬಂತು ಆ ದನಿ. ಏಳು ವರ್ಷ ನನ್ನ ಕಡೆ ತಿರುಗದಿದ್ದ ದನಿ.

"ಲೇ ಮಾದೇವ, ಆ ಬಾಯ್ಬಡುಕನ್ನ ಸುಮ್ಕಿರ್ಸಲಾ. ಮಗಿ ಪದ ಆಡೋದು ಕೇಳುಸ್ತಾ ಇಲ್ಲ."

ಅತ್ತೆಯ ಹೆಸರಿಲ್ಲ, ಮೈಕ್ನೋನು ಇಲ್ಲ. ನೇರ ನನಗೆ. ನಾನು ಫೋನ್ ಹಿಡಿದು ನಿಂತೆ. ಸುಮ್ಮನಿರಿಸುವುದು ಹೇಗೆ? ಇಟ್ಟುಬಿಟ್ಟರೆ ಹಾಡೂ ಹೋಗುತ್ತದೆ. ಜಗಳ ಮಾಡಿದರೆ ಅವನೇ ಇಟ್ಟುಬಿಡುತ್ತಾನೆ. ನಿಜ ಹೇಳಬೇಕು, ಬೇರೆ ದಾರಿಯಿಲ್ಲ. ಅದೂ ಪಿಸುಗುಟ್ಟಿ ಆಗದು. ಕೊಟ್ಟಿಗೆಯ ಗೋಡೆ ಗೇಣು ದಪ್ಪ, ಆಚೆ ನಲವತ್ತು ಜನ, ನಲವತ್ತೂ ನನ್ನ ಗಿರಾಕಿಗಳು. ಎಮ್ಮೆ ಸಹ ಮೆಲುಕು ನಿಲ್ಲಿಸಿ ನೋಡಿತು. ಗಡಿಯಾರ ಹನ್ನೊಂದು ಹನ್ನೆರಡು.

"ಅಣ್ಣ, ನನ್ ಇಂಟರ್‌ನೆಟ್ಟು ಕೆಟ್ಟೋಗದೆ" ಅಂದೆ. "ನಾನ್ ಸೋತೆ. ಈಗ ಇಲ್ಲಿ ಕೇಳಿಸ್ತಿರೋದು ನಿಮ್ಮನೆ ಬ್ರಾಡ್‌ಬ್ಯಾಂಡು, ಈ ಫೋನಲ್ಲೇ ಬತ್ತಾ ಅದೆ. ನೀವ್ ಮಾತಾಡಿದ್ದೂ ಬತ್ತಾ ಅದೆ. ಫೋನ್ನ ಕಂಪ್ಯೂಟರ್ ಪಕ್ಕ ಮಡಗಿ ಆ ಕಡೆ ಓಗಿ ಕೂತ್ಕೊಳಿ. ಅಜ್ಜಿ ಕೇಳಿಸ್ಕೋತಾವ್ರೆ."

ಈ ಅವಕಾಶಕ್ಕೆ ಅಮೃತೇಶ ಎಷ್ಟು ವರ್ಷ ಕಾದಿದ್ದನೋ. ನಾನಾಗಿದ್ದರೆ ಒಂದು ಭಾಷಣವನ್ನೇ ಮಾಡುತ್ತಿದ್ದೆ, ಹಾರ ತರಿಸುತ್ತಿದ್ದೆ. ಅವನು "ಆಯ್ತು" ಅಂದ. ಕುರ್ಚಿ ಎಳೆದ ಸದ್ದು, ಫ್ಯಾನ್ ಆರಿಸಿದ ಸದ್ದು, ಟಕ್ ಅಂತ ಫೋನ್ ಇಟ್ಟ ಸದ್ದು. ಆಮೇಲೆ ರಮ್ಯಳ ದನಿ ಬಿಟ್ಟು ಇನ್ನೇನೂ ಇಲ್ಲ.

ನಾನು ಮೂವತ್ತು ಸಾವಿರ ಹಾಡು ಕೇಳಿಸಿದ ಮನುಷ್ಯ, ಒಂದನ್ನೂ ಕೂತು ಕೇಳಿದವನಲ್ಲ. ಕಣ್ಣು ಯಾವಾಗಲೂ ಅಂಪ್ಲಿಫೈಯರಿನ ಮುಳ್ಳಿನ ಮೇಲೆ. ಅವತ್ತು ಮುಟ್ಟಲು ಒಂದು ಗುಂಡಿಯೂ ಇರಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಮೊಟ್ಟೆ ಹಿಡಿದ ಹಾಗೆ ಹಿಡಿದು ಸಗಣಿಯಲ್ಲಿ ನಿಂತಿದ್ದೆ. ಬೀಸುವವಳು ಕಲ್ಲಿನ ಜೊತೆ ಮಾತಾಡುವ ಪದ ಅದು. ತವರಿನ ದಾರಿಯಲ್ಲಿ ಸಿಗುವ ಹಳ್ಳ, ಹಳ್ಳದಾಚೆಯ ಹೊಂಗೆಮರ, ಅದರ ನೆರಳಿನಲ್ಲಿ ಬುತ್ತಿ ಬಿಚ್ಚುವ ಅಣ್ಣ, ಎಲ್ಲವನ್ನೂ ಕಲ್ಲಿಗೆ ಹೇಳುತ್ತಾಳೆ. ಎಂಟು ವರ್ಷ ಈ ದನಿ ನನ್ನ ಮನೆಯಲ್ಲೇ ಸಾರಿಗೆ ಒಗ್ಗರಣೆ ಹಾಕುತ್ತಿತ್ತು.

ಹನ್ನೊಂದೂ ಇಪ್ಪತ್ತಕ್ಕೆ ಮುಗಿಯಿತು. ಅಮೃತೇಶ ಫೋನ್ ಎತ್ತಿಕೊಂಡು, ಮೆತ್ತಗೆ, "ಮುಗೀತು ಕಣಪ್ಪ" ಅಂದ. ನಂದಿತಾ ಅಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದುದು ಕೇಳಿಸಿತು.

ಕಾಲು ತೊಳೆದುಕೊಂಡು ಪಡಸಾಲೆಗೆ ಹೋದೆ. ಜನ ಇಬ್ಬಗೆಯಾಗಿ ದಾರಿ ಬಿಟ್ಟರು. ಅಜ್ಜಿ ಒಂದು ಸ್ಪೀಕರಿನ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು, ಕೂಸಿನ ತಲೆ ಮುಟ್ಟಿದ ಹಾಗೆ. ನನ್ನನ್ನೇ ನೋಡಿದರು.

"ಇದ ರೇಡಿಯಾ ಅನ್ನದಾ, ಪೋನು ಅನ್ನದಾ?"

ಊರೆಲ್ಲ ಎದುರಿಗಿತ್ತು. ನಾಲಿಗೆಯ ತುದಿಯಲ್ಲಿ ಹನ್ನೆರಡು ಉತ್ತರ ಸಿದ್ಧವಿದ್ದವು, ಒಂದಕ್ಕಿಂತ ಒಂದು ಭರ್ಜರಿ. "ರೇಡಿಯಾನೇ ಅಜ್ಜಿ" ಅಂದೆ. "ಆದ್ರೆ ತಂದೋನು ನಾನಲ್ಲ. ಆಡ್ದೋಳು ಅವಳು, ಕಳಿಸ್ದೋನು ಅಮೃತೇಶಣ್ಣ. ನಾನು ಎಮ್ಮೆ ಇಡ್ಕೊಂಡಿದ್ದೆ ಅಷ್ಟೇ."

ಅಜ್ಜಿ ಚಾಪೆಯ ಕಡೆ ಕೈ ತೋರಿಸಿದರು. "ಕೂತ್ಕೋ."

ಕೂತೆ. ಕ್ಷಮಿಸಿದರು ಅಂದುಕೊಂಡೆ. ಗಿರಾಕಿಗಳ ಕಡೆ ಒಂದು ಸಲ ಗತ್ತಿನಿಂದ ನೋಡಿಯೂ ಬಿಟ್ಟೆ. ಅಜ್ಜಿ ಎಲೆ ಅಡಿಕೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಮಾತು ಆರಂಭಿಸಿದರು. ಏಳು ವರ್ಷ ನನಗೆ ಹೇಳದೆ ಉಳಿಸಿಟ್ಟಿದ್ದ ಮಾತುಗಳೆಲ್ಲ ಕ್ರಮವಾಗಿ ಹೊರಗೆ ಬಂದವು. ಎರಡು ಸಾವಿರದ ಎರಡರ ಗೌರಿ ಹಬ್ಬದಲ್ಲಿ ನಾನು ಬಾಗಿನದ ಮೊರವನ್ನು ದಾಟಿದ್ದು. ಮೂರರಲ್ಲಿ ರಮ್ಯಳಿಗೆ ಜ್ವರವಿದ್ದಾಗ ಎಲೆಕ್ಷನ್ ಪ್ರಚಾರಕ್ಕೆ ಹೋಗಿದ್ದು. ಅದೇ ವರ್ಷ ದೀಪಾವಳಿಗೆ ಕಜ್ಜಾಯ ಗಟ್ಟಿ ಅಂದಿದ್ದು. ನಾನು ನಡುವೆ ವಿವರಣೆ ಕೊಡಲು ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಿದ್ದರು. ನಲವತ್ತು ಜನರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಅತ್ತೆ ಎಲ್ಲರಿಗೂ ಒಂದು ಸುತ್ತು ಕಾಫಿ ಕೊಟ್ಟರು, ಆಮೇಲೆ ಉಪ್ಪಿಟ್ಟು ಕೊಟ್ಟರು, ಅಜ್ಜಿ ಇನ್ನೂ ನಾಲ್ಕರ ಯುಗಾದಿಯಲ್ಲಿದ್ದರು.

ನಾಲ್ಕು ಗಂಟೆಯ ಬಸ್ಸಿಗೆ ರಮ್ಯ ಬಂದಳು. ಚಪ್ಪಲಿಯನ್ನು ಬಾಗಿಲಲ್ಲಿ ಹೇಗೋ ಬಿಸಾಕಿ ಓಡಿ ಬಂದು, ಅಜ್ಜಿ, ಕೇಳಿಸ್ತಾ ಅಂತ ಕೇಳಿದಳು. ಅಜ್ಜಿ ಅವಳ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಆ ಕೈಯನ್ನು ತಮ್ಮ ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡರು. ಕಣ್ಣು ಮಾತ್ರ ನನ್ನ ಮೇಲಿಂದ ಕದಲಲಿಲ್ಲ.

"ಕೇಳುಸ್ತು ಮಗ, ಚೆಂದಾಗಾಡ್ದೆ. ವಸಿ ತಡಿ, ಇವನ್ದು ಇನ್ನೂ ಐದ್ನೇ ಇಸ್ವೀಲದೆ."